ಒಲ್ಲೆ ಎನ್ನುವ ಸ್ವಾತಂತ್ರ್ಯ

ಪರರ ಕೈಕೆಳಗೆ ದುಡಿಯುವುದಕ್ಕಿಂತ ಸ್ವಂತ ಉದ್ಯೋಗವೇ ಲೇಸೆಂಬ ಮಾತನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ವ್ಯಾಪಾರದ ಮನೆತನಗಳಲ್ಲಿ ಈ ಮಾತಿಗೆ ಇನ್ನಷ್ಟು ಗೌರವ. ಅಂಗಡಿಯಿಡುವಷ್ಟು ಬಂಡವಾಳವಿಲ್ಲದ, ಆದರೆ ಕೈಯಲ್ಲೊಂದು ವಿದ್ಯೆಯುಳ್ಳ ಅನೇಕ ತರುಣರು ಇಂದು ಗುತ್ತಿಗೆಯ ಕೆಲಸದತ್ತ ಮುಖ ಮಾಡಿದ್ದಾರೆ. ಅವರಲ್ಲಿ ಕೆಲವರು ನನ್ನನ್ನು ಕಾಣಲು ಬರುವುದುಂಟು. ಅವರು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರು: ಕೆಲಸ ಹೇಗೆ ಸಿಗುತ್ತದೆ? ದರವನ್ನು ಹೇಗೆ ಗೊತ್ತುಮಾಡಬೇಕು? ಕೊಡಬೇಕಾದವರು ಹಣ ಕೊಡದಿದ್ದರೆ ಏನು ಮಾಡಬೇಕು? ಮೂರೂ ಯೋಗ್ಯವಾದ ಪ್ರಶ್ನೆಗಳೇ. ಆದರೆ ನಾಲ್ಕನೆಯದೊಂದನ್ನು ಯಾರೂ ಕೇಳುವುದಿಲ್ಲ. ಬಂದ ಕೆಲಸವನ್ನು ಒಲ್ಲೆನೆನ್ನಲು ಬೇಕಾದ ಬಲ ಎಲ್ಲಿಂದ ಬರುತ್ತದೆ? ನೌಕರಿಯಲ್ಲಿ ಒಬ್ಬನೇ ಯಜಮಾನ. ಗುತ್ತಿಗೆಯಲ್ಲಿ ಬಾಗಿಲಿಗೊಬ್ಬ ಯಜಮಾನ. ಒಲ್ಲೆನೆನ್ನಲಾರದ ಗುತ್ತಿಗೆದಾರನು ನೌಕರನಿಗಿಂತಲೂ ಹೆಚ್ಚು ಪರಾಧೀನನೆಂಬುದು ನನ್ನ ಅನುಭವದ ಸಾರ. ಮೊದಲಿನ ಮೂರು ಪ್ರಶ್ನೆಗಳ ಉತ್ತರವೂ ಈ ನಾಲ್ಕನೆಯದರಲ್ಲಿಯೇ ಅಡಗಿದೆ.

ನನ್ನ ಕಸುಬು ಮನೆಗಳಿಗೆ ವಿದ್ಯುತ್ ವಾಯರಿಂಗ್ ಮಾಡಿಕೊಡುವುದು. ಐಟಿಐಯಲ್ಲಿ ಎರಡು ವರ್ಷದ ಇಲೆಕ್ಟ್ರಿಶಿಯನ್ ಶಿಕ್ಷಣ ಮುಗಿಸಿ, ಹುಬ್ಬಳ್ಳಿಯಲ್ಲಿ ಹಿರಿಯ ಗುತ್ತಿಗೆದಾರರೊಬ್ಬರ ಕೈಯಲ್ಲಿ ಎಂಟು ವರ್ಷ ದುಡಿದು, 1998ರಲ್ಲಿ ಸ್ವಂತ ಲೈಸೆನ್ಸ್ ಪಡೆದೆ. ಈ ಕಸುಬಿನಲ್ಲಿ ಲೈಸೆನ್ಸ್ ಎಂಬುದು ಕೇವಲ ಗೋಡೆಗೆ ತೂಗುಹಾಕುವ ಕಾಗದವಲ್ಲ. ದೀಪ, ಪಂಖ, ಫ್ಯೂಸು, ಸ್ವಿಚ್ಚುಗಳನ್ನು ಬದಲಿಸುವಂತಹ ಸಣ್ಣ ಕೆಲಸಗಳ ಹೊರತು ಉಳಿದ ಜೋಡಣೆಯನ್ನು ಲೈಸೆನ್ಸ್ ಪಡೆದ ಗುತ್ತಿಗೆದಾರನೇ ಮಾಡಿಸಬೇಕೆಂಬ ಕಟ್ಟಳೆ 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿಯೇ ಇತ್ತು. ಅದು 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರವು ಹೊರಡಿಸಿದ ನಿಯಮಗಳಲ್ಲಿಯೂ, ಅವುಗಳ ಸ್ಥಾನದಲ್ಲಿ ಬಂದ 2023ರ ನಿಯಮಗಳಲ್ಲಿಯೂ ಮುಂದುವರಿದಿದೆ. ನಮ್ಮ ರಾಜ್ಯದಲ್ಲಿ ಈ ಲೈಸೆನ್ಸನ್ನು ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಕೆಲಸ ಮುಗಿದ ಮೇಲೆ ಗುತ್ತಿಗೆದಾರನು ತನ್ನ ಸಹಿಯೊಡನೆ ಪೂರ್ಣತಾ ವರದಿಯನ್ನು ಕೊಡಬೇಕು. ಅದನ್ನು ನಂಬಿಯೇ ಮನೆಗೆ ವಿದ್ಯುತ್ ಸಂಪರ್ಕ ದೊರೆಯುತ್ತದೆ.

ಆ ಸಹಿಯ ಭಾರವನ್ನು ತಿಳಿಯಬೇಕಾದರೆ ನಮ್ಮ ಕೆಲಸದ ಸ್ವರೂಪವನ್ನು ಸ್ವಲ್ಪ ತಿಳಿಯಬೇಕು. ಬಡಿಗನ ಕೆಲಸ ಕಣ್ಣಿಗೆ ಕಾಣುತ್ತದೆ. ಬಾಗಿಲು ಸೊಟ್ಟಗಾದರೆ ಮನೆಯ ಮಗುವೂ ಹೇಳುತ್ತದೆ. ನಮ್ಮ ಕೆಲಸದ ಬಹುಭಾಗ ಗಾರೆಯ ಹಿಂದೆ ಹೂತುಹೋಗುತ್ತದೆ. ದೀಪಗಳಿಗೆ ಒಂದೂವರೆ ಚದರ ಮಿಲಿಮೀಟರಿನ ತಂತಿ, ಪ್ಲಗ್ಗುಗಳಿಗೆ ಎರಡೂವರೆ, ಹೆಚ್ಚು ವಿದ್ಯುತ್ ಎಳೆಯುವ ಉಪಕರಣಗಳಿಗೆ ನಾಲ್ಕು ಎಂದು ಮಾತಾಗಿದ್ದರೂ, ಒಳಗೆ ಯಾವುದನ್ನು ಎಳೆದರೆಂಬುದು ಎಳೆದವನಿಗೇ ಗೊತ್ತು. ಎಲ್ಲಕ್ಕಿಂತ ಮುಖ್ಯವಾದುದು ಹಸಿರು ಬಣ್ಣದ ಅರ್ಥಿಂಗ್ ತಂತಿ. ಅದು ಇಲ್ಲದಿದ್ದರೂ ದೀಪ ಉರಿಯುತ್ತದೆ, ಪಂಖ ತಿರುಗುತ್ತದೆ, ಗೀಸರಿನಲ್ಲಿ ನೀರು ಕಾಯುತ್ತದೆ. ಅದು ಬೇಕಾಗುವುದು ಕೆಡುಕಿನ ದಿನಕ್ಕೆ. ಒಳಗಿನ ತಂತಿಯ ಹೊದಿಕೆ ಸವೆದು ಗೀಸರಿನ ಲೋಹದ ಮೈಗೆ ತಾಗಿತೆನ್ನಿ. ಅರ್ಥಿಂಗ್ ಸರಿಯಾಗಿದ್ದರೆ ವಿದ್ಯುತ್ತು ಆ ದಾರಿ ಹಿಡಿದು ಒಮ್ಮೆಲೆ ಹರಿದು, ಫ್ಯೂಸು ಸುಟ್ಟು ಅಥವಾ ಎಂಸಿಬಿ ಬಿದ್ದು, ಸರಬರಾಜು ನಿಲ್ಲುತ್ತದೆ. ಅದಿಲ್ಲದಿದ್ದರೆ ಗೀಸರಿನ ಮೈಯಲ್ಲಿ ವಿದ್ಯುತ್ತು ಸದ್ದಿಲ್ಲದೆ ಕಾದು ನಿಲ್ಲುತ್ತದೆ. ಒದ್ದೆ ಕೈಯಿಂದ ಅದನ್ನು ಮುಟ್ಟಿದ ಮನುಷ್ಯನೇ ಅದಕ್ಕೆ ದಾರಿಯಾಗುತ್ತಾನೆ. ಮೂರು ರಂಧ್ರದ ಪ್ಲಗ್ಗಿನಲ್ಲಿ ಮೇಲಿನ ದೊಡ್ಡ ರಂಧ್ರದ ಹಿಂದೆ ತಂತಿಯೇ ಇಲ್ಲದ ಮನೆಗಳನ್ನು ದುರಸ್ತಿಗೆ ಹೋದಾಗ ನಾನು ಎಷ್ಟೋ ಸಲ ಕಂಡಿದ್ದೇನೆ. ಹಾಗೆ ಮಾಡಿದವನು ಉಳಿಸಿದ್ದು ಕೆಲವು ಸುರುಳಿ ತಂತಿಯನ್ನು ಮಾತ್ರ.

ಹೀಗೆ ಯಾರೂ ನೋಡದ ಕೆಲಸ ಮಾಡುವವನಿಗೆ ಮೊದಲ ಗಿರಾಕಿ ಹೇಗೆ ಸಿಗುತ್ತಾನೆ? ಹೊಸ ಮನೆಯ ಪೂರ್ತಿ ವಾಯರಿಂಗನ್ನು ಹೊಸಬನ ಕೈಗೆ ಯಾರೂ ಕೊಡುವುದಿಲ್ಲ. ಮೊದಲ ಎರಡು ವರ್ಷ ನಾನು ಮಾಡಿದ್ದು ಬಹುತೇಕ ದುರಸ್ತಿಯ ಕೆಲಸ: ಸುಟ್ಟ ಸ್ವಿಚ್ಚು, ನಿಂತ ಪಂಪು, ಮಳೆಗಾಲದಲ್ಲಿ ಶಾಕ್ ಹೊಡೆಯುವ ಗೋಡೆ. ಇವು ಲಾಭದ ಕೆಲಸಗಳಲ್ಲ. ಆದರೆ ಸಣ್ಣ ಕೆಲಸಕ್ಕೆ ಕರೆದವರು ಹೇಳಿದ ಹೊತ್ತಿಗೆ ಬರುತ್ತಾನೋ ಇಲ್ಲವೋ, ಬಿಚ್ಚಿದ್ದನ್ನು ಮುಚ್ಚಿ, ಕಸ ಗುಡಿಸಿ ಹೋಗುತ್ತಾನೋ ಇಲ್ಲವೋ ಎಂಬುದನ್ನು ನೋಡುತ್ತಾರೆ. ಒಂದು ದಿನ ಬರಲಾಗದಿದ್ದರೆ ಹಿಂದಿನ ದಿನವೇ ತಿಳಿಸುವವನು ನಮ್ಮ ಕಸುಬಿನಲ್ಲಿ ಅಪರೂಪ. ಆ ಒಂದು ಅಭ್ಯಾಸವೇ ನನಗೆ ಹಲವು ಮನೆಗಳ ಬಾಗಿಲು ತೆರೆಯಿತು.

ಇದರೊಡನೆ ಎರಡು ಪದ್ಧತಿಗಳನ್ನು ಮೊದಲಿನಿಂದಲೂ ಇಟ್ಟುಕೊಂಡೆ. ಒಂದು, ಡಿಸ್ಟ್ರಿಬ್ಯೂಶನ್ ಬೋರ್ಡಿನ ಮುಚ್ಚಳದ ಒಳಬದಿಗೆ ಒಂದು ಹಾಳೆ ಅಂಟಿಸುವುದು. ಯಾವ ಎಂಸಿಬಿ ಯಾವ ಕೋಣೆಗೆ ಸಂಬಂಧಿಸಿದ್ದು, ಕೆಲಸ ಮುಗಿದ ತಾರೀಖು ಯಾವುದು, ಮಾಡಿದವರು ಯಾರು ಎಂಬ ವಿವರ ಅದರಲ್ಲಿರುತ್ತದೆ. ಇನ್ನೊಂದು, ಗಾರೆ ಬಳಿಯುವ ಮೊದಲು ಪ್ರತಿಯೊಂದು ಗೋಡೆಯ ನಕ್ಷೆ ಬರೆದು, ಪೈಪು ಎಲ್ಲಿಂದ ಎಲ್ಲಿಗೆ ಹೋಗಿದೆ, ಅದರೊಳಗೆ ಯಾವ ಅಳತೆಯ ತಂತಿಯಿದೆ ಎಂಬುದನ್ನು ಗುರುತಿಸಿ ಮಾಲೀಕರಿಗೆ ಕೊಡುವುದು. ಆಗ ಪೆನ್ಸಿಲಿನಿಂದ ಬರೆಯುತ್ತಿದ್ದೆ. ಈಗ ಮೊಬೈಲಿನಲ್ಲಿ ಛಾಯಾಚಿತ್ರವನ್ನೂ ತೆಗೆಯುತ್ತೇನೆ. ಮುಂದೆ ಗೋಡೆಗೆ ಮೊಳೆ ಹೊಡೆಯುವಾಗ ಆ ನಕ್ಷೆ ಉಪಯೋಗಕ್ಕೆ ಬರುತ್ತದೆ. ಮಾಲೀಕರು ಅದನ್ನು ಬಂಧುಗಳಿಗೆ ತೋರಿಸುತ್ತಾರೆ. ಪ್ರಾಮಾಣಿಕತೆ ಎದೆಯೊಳಗಿದ್ದರೆ ಸಾಲದು. ಅನ್ಯರು ಪರೀಕ್ಷಿಸಿ ನೋಡಬಹುದಾದ ರೂಪವನ್ನು ಅದಕ್ಕೆ ಕೊಡಬೇಕು. ಅಡಗಿಹೋಗುವ ಕೆಲಸಕ್ಕೆ ನಕ್ಷೆಯೇ ಸಾಕ್ಷಿ. ನನಗೆ ದೊರೆತ ಹೊಸ ಮನೆಗಳ ಕೆಲಸಗಳಲ್ಲಿ ಬಹಳಷ್ಟು ಬಂದದ್ದು ಜಾಹೀರಾತಿನಿಂದಲ್ಲ, ಇಂತಹ ಹಾಳೆಗಳಿಂದ. ಮತ್ತು ಅದೇ ಮನೆಗಳಲ್ಲಿ ನನ್ನೊಡನೆ ದುಡಿದ ಗೌಂಡಿಗಳ, ನಳದ ಕೆಲಸದವರ ಬಾಯಿಮಾತಿನಿಂದ.

ದರದ ವಿಷಯಕ್ಕೆ ಬರೋಣ. ನೌಕರಿಯಲ್ಲಿ ತಿಂಗಳಿಗೆ 30,000 ರೂಪಾಯಿ ಬರುತ್ತಿತ್ತು, ಆದ್ದರಿಂದ ದಿನಕ್ಕೆ 1,000 ರೂಪಾಯಿ ಕೇಳಿದರೆ ಸಾಕು ಎಂದು ಹಲವು ತರುಣರು ಲೆಕ್ಕ ಹಾಕುತ್ತಾರೆ. ಆದರೆ ಸ್ವತಂತ್ರನಿಗೆ ರಜೆಯ ಸಂಬಳವಿಲ್ಲ. ಅಂದಾಜುಪಟ್ಟಿ ಬರೆಯುವ, ಸಾಮಾನು ನೋಡುವ, ಬಾಕಿಗಾಗಿ ಅಲೆಯುವ, ಮಳೆಗೆ ಕೆಲಸ ನಿಲ್ಲುವ ದಿನಗಳಿಗೆ ಕೂಲಿಯಿಲ್ಲ. ವರ್ಷದಲ್ಲಿ ಹಣ ಹುಟ್ಟುವ ದಿನಗಳು 200 ಎಂದು ಹಿಡಿಯಿರಿ. ಮನೆಯ ಖರ್ಚಿಗೆ ವರ್ಷಕ್ಕೆ 3,60,000 ಬೇಕು. ಉಪಕರಣ, ವಾಹನ, ವಿಮೆ, ಲೈಸೆನ್ಸ್, ಕೆಲಸವಿಲ್ಲದ ದಿನ ಹುಡುಗರಿಗೆ ಕೊಡುವ ಕೂಲಿ ಇವುಗಳಿಗೆ 1,20,000 ಸೇರಿಸಿದರೆ ಒಟ್ಟು 4,80,000. ಇದನ್ನು 200ರಿಂದ ಭಾಗಿಸಿದರೆ ದಿನಕ್ಕೆ 2,400. ದಿನಕ್ಕೆ 1,000ದಂತೆ ದುಡಿದವನ ಕೈಗೆ ವರ್ಷಕ್ಕೆ ಬರುವುದು 2,00,000. ಖರ್ಚು ಕಳೆದು ಉಳಿಯುವುದು 80,000. ಅಷ್ಟರಲ್ಲಿ ಸಂಸಾರ ನಡೆಯದು. ಆಗ ಅವನ ಕಣ್ಣು ಗಾರೆಯ ಹಿಂದಿನ ತಂತಿಯತ್ತ ಹೊರಳುತ್ತದೆ. ದರವನ್ನು ಅಳತೆಮೀರಿ ಇಳಿಸಿದವನು ಒಂದೋ ತನ್ನ ಮನೆಯವರನ್ನು ವಂಚಿಸಬೇಕು, ಇಲ್ಲವೇ ಗಿರಾಕಿಯನ್ನು. ಆದ್ದರಿಂದ ಸರಿಯಾದ ದರವನ್ನು ಕೇಳುವುದು ದುರಾಸೆಯಲ್ಲ. ಅದು ಸತ್ಯವಾಗಿ ದುಡಿಯುವುದಕ್ಕೆ ಬೇಕಾದ ಮೊದಲ ಏರ್ಪಾಡು.

ದರದಷ್ಟೇ ಮುಖ್ಯವಾದುದು ಬರವಣಿಗೆ. ವಾಯರಿಂಗನ್ನು ಪಾಯಿಂಟಿನ ಲೆಕ್ಕದಲ್ಲಿ ಮಾತಾಡುವ ರೂಢಿಯಿದೆ. ಪಾಯಿಂಟ್ ಎಂದರೇನು? ಸ್ವಿಚ್ ಬೋರ್ಡಿನಲ್ಲಿಯೇ ಇರುವ ಸಣ್ಣ ಪ್ಲಗ್ಗು ಬೇರೆ ಪಾಯಿಂಟೋ ಅಲ್ಲವೋ? ಮೆಟ್ಟಿಲಿನ ದೀಪಕ್ಕೆ ಮೇಲೊಂದು ಕೆಳಗೊಂದು ಸ್ವಿಚ್ಚಿದ್ದರೆ ಲೆಕ್ಕ ಒಂದೋ ಎರಡೋ? ಕೆಲಸದ ಕೊನೆಗೆ ಹುಟ್ಟುವ ಜಗಳಗಳಲ್ಲಿ ಬಹುಪಾಲು ಮೋಸದಿಂದ ಹುಟ್ಟಿದವುಗಳಲ್ಲ; ಮೊದಲೇ ಕೇಳದೆ ಬಿಟ್ಟ ಇಂತಹ ಪ್ರಶ್ನೆಗಳಿಂದ ಹುಟ್ಟಿದವು. ಬಾಯಿಮಾತಿನ ಒಪ್ಪಂದವನ್ನೂ 1872ರ ಕರಾರು ಕಾಯಿದೆ ಮನ್ನಿಸುತ್ತದೆ. ಆದರೆ ಆಡಿದ ಮಾತು ಇದೇ ಎಂದು ಸಿದ್ಧಪಡಿಸುವುದು ಕಷ್ಟ. ಎರಡು ಪುಟದ ಕಾಗದದಲ್ಲಿ ಪಾಯಿಂಟಿನ ಅರ್ಥ, ತಂತಿಯ ಅಳತೆ, ದರ, ಹೆಚ್ಚುವರಿ ಕೆಲಸದ ದರ ಇವುಗಳನ್ನು ಬರೆದು ಇಬ್ಬರೂ ಸಹಿ ಮಾಡುತ್ತೇವೆ. ತಾಮ್ರದ ಬೆಲೆ ಏರಿಳಿಯುವುದರಿಂದ ಸಾಮಾನು ಸಹಿತವಾದ ದರಕ್ಕೆ 15 ದಿನಗಳ ಅವಧಿಯನ್ನು ಹಾಕುತ್ತೇನೆ. ಹಣವನ್ನು ಹಂತಹಂತವಾಗಿ ಪಡೆಯುತ್ತೇನೆ: ಒಪ್ಪಂದದ ದಿನ ನೂರಕ್ಕೆ 10, ಪೈಪು ಹೂಳಿದ ಮೇಲೆ 30, ತಂತಿ ಎಳೆದ ಮೇಲೆ 40, ಬೋರ್ಡುಗಳನ್ನು ಜೋಡಿಸಿದ ಮೇಲೆ 15, ಒಂದು ತಿಂಗಳು ಮನೆಯವರು ಬಳಸಿ ನೋಡಿದ ಬಳಿಕ ಉಳಿದ 5. ಹೀಗೆ ಮಾಡಿದರೆ ಯಾವ ಹಂತದಲ್ಲಿಯೂ ಒಬ್ಬರ ದೊಡ್ಡ ಮೊತ್ತ ಇನ್ನೊಬ್ಬರ ಕೈಯಲ್ಲಿ ಸಿಕ್ಕಿಕೊಳ್ಳುವುದಿಲ್ಲ.

ಇನ್ನು ಕಮಿಷನ್ನಿನ ಮಾತು. ಮಾಲೀಕರನ್ನು ಕರೆದುಕೊಂಡು ಸಾಮಾನಿನ ಅಂಗಡಿಗೆ ಹೋದರೆ, ಅವರು ಕೊಂಡ ಮೊತ್ತದಲ್ಲಿ ನೂರಕ್ಕೆ ಇಷ್ಟು ಎಂದು ಅಂಗಡಿಯವರು ಗುತ್ತಿಗೆದಾರನಿಗೆ ಕೊಡುವ ರೂಢಿ ಹಲವು ಕಡೆ ಇದೆ. ಅದನ್ನು ತಪ್ಪೆಂದು ಯಾರೂ ಭಾವಿಸುವುದಿಲ್ಲ. ಆದರೆ ವಿಚಾರಿಸಿ ನೋಡಿ: ಯಾವ ತಂತಿ ಒಳ್ಳೆಯದೆಂದು ಮಾಲೀಕರು ನನ್ನನ್ನು ಕೇಳುವುದು ನನ್ನ ತಿಳಿವಳಿಕೆಯನ್ನು ನಂಬಿ. ಆ ಉತ್ತರಕ್ಕೆ ಇನ್ನೊಬ್ಬರಿಂದ ಗುಟ್ಟಾಗಿ ಬೆಲೆ ಪಡೆದರೆ ಆ ತಿಳಿವಳಿಕೆ ಯಾರ ಸ್ವತ್ತಾಯಿತು? ನಾನು ಅಂಗಡಿಯವರಿಗೆ ಹೇಳುವುದು ಇಷ್ಟೇ: ನನಗೆ ಕೊಡುವುದನ್ನು ಬಿಲ್ಲಿನಲ್ಲಿಯೇ ಮಾಲೀಕರಿಗೆ ಸೋಡಿ ಬಿಡಿ. ಕಮಿಷನ್ನು ತಪ್ಪಿದ ಹಣವನ್ನು ನನ್ನ ಮಜೂರಿಯ ದರದಲ್ಲಿ ಬಹಿರಂಗವಾಗಿ ಕೇಳುತ್ತೇನೆ. ಇದರಿಂದಾಗಿ ನನ್ನ ದರ ಇತರರಿಗಿಂತ ಸ್ವಲ್ಪ ಮೇಲೆಯೇ ಕಾಣುತ್ತದೆ. ಕೆಲವು ಕೆಲಸಗಳು ಕೈತಪ್ಪಿಯೂ ಹೋಗುತ್ತವೆ. ಪ್ರಾಮಾಣಿಕನಿಗೆ ಕೆಲಸ ತಾನಾಗಿಯೇ ಬರುತ್ತದೆಂದು ನಾನು ಹೇಳಲಾರೆ.

ಈ ಎಲ್ಲ ಪದ್ಧತಿಗಳ ನಿಜವಾದ ಬೆಲೆ ನನಗೆ ತಿಳಿದದ್ದು 2006ರಲ್ಲಿ. ಆಗ ಕಟ್ಟಡ ಕಟ್ಟಿಸಿ ಮಾರುವ ಒಬ್ಬರು ನನಗೆ ಕೆಲಸ ಕೊಡುತ್ತಿದ್ದರು. ನನ್ನ ವರ್ಷದ ದುಡಿಮೆಯಲ್ಲಿ ಮೂರರಲ್ಲೊಂದು ಪಾಲು ಅವರಿಂದಲೇ ಬರುತ್ತಿತ್ತು. ಅವರು 24 ಮನೆಗಳ ಒಂದು ಕಟ್ಟಡದ ವಾಯರಿಂಗನ್ನು ಲೈಸೆನ್ಸ್ ಇಲ್ಲದ ತಮ್ಮ ಹುಡುಗರಿಂದಲೇ ಮಾಡಿಸಿದ್ದರು. ಕೊನೆಗೆ ನನ್ನನ್ನು ಕರೆದು, ಪೂರ್ಣತಾ ವರದಿಗಳಿಗೆ ನನ್ನ ಹೆಸರಿನಲ್ಲಿ ಸಹಿ ಮಾಡಿಕೊಡಬೇಕೆಂದೂ ಮನೆಗೆ ಇಷ್ಟೆಂದು ಹಣ ಕೊಡುವುದಾಗಿಯೂ ಹೇಳಿದರು. ಸಹಿ ಮಾಡುವ ಮೊದಲು ನೋಡಬೇಕೆಂದು ಹೇಳಿ ಮೂರು ಮನೆಗಳ ಪ್ಲಗ್ಗುಗಳನ್ನು ಬಿಚ್ಚಿಸಿದೆ. ಅಡಿಗೆಮನೆ, ಬಚ್ಚಲುಮನೆ ಎಲ್ಲಿಯೂ ಅರ್ಥಿಂಗ್ ತಂತಿ ಇರಲಿಲ್ಲ. ಗಾರೆ, ಬಣ್ಣ ಎಲ್ಲ ಮುಗಿದಿತ್ತು.

“ಒಂದು ಸಹಿ ಮಾಡಾಕ ಏನ್ ಗಂಟು ಹೋಗ್ತದ್ರೀ ನಿಮ್ದು?” ಎಂದರು ಅವರು.

“ಸಾಹೇಬ್ರ, ನಾ ಮಾಡದ ಕೆಲಸಕ್ಕ ನಾ ಸಹಿ ಮಾಡೂದಿಲ್ರಿ. ತಂತಿ ಎಳಸ್ರಿ, ನಾ ನಿಂತು ಮಾಡಿಸಿ ಆಮ್ಯಾಲ ಸಹಿ ಮಾಡ್ತೀನಿ,” ಎಂದೆ.

ಪೈಪುಗಳಲ್ಲಿ ಜಾಗವಿದ್ದಲ್ಲಿ ತಂತಿ ಎಳೆಯಬಹುದಾಗಿತ್ತು. ಇಲ್ಲದಲ್ಲಿ ಗೋಡೆ ಒಡೆಯಬೇಕಾಗಿತ್ತು. ಅವರು ಒಪ್ಪಲಿಲ್ಲ. ಆ ಹೊತ್ತಿಗೆ ಹಿಂದಿನ ಕೆಲಸದ ಬಾಬತ್ತು 1,40,000 ರೂಪಾಯಿ ಅವರಿಂದ ನನಗೆ ಬರಬೇಕಾಗಿತ್ತು. ಸಹಿ ಮಾಡಿದ ದಿನವೇ ಅದೂ ಸಿಗುವುದೆಂದು ಹೇಳಿ ಕಳುಹಿಸಿದರು. ನನ್ನೊಡನೆ ಐದು ಜನ ಹುಡುಗರಿದ್ದರು. ಮನೆಯಲ್ಲಿ ಓದುವ ಮಕ್ಕಳಿದ್ದರು. ಆ ರಾತ್ರಿ ಮನೆಯವಳೊಡನೆ ಕುಳಿತು ಲೆಕ್ಕದ ಪುಸ್ತಕ ತೆರೆದು ನೋಡಿದೆ. ಮೂರು ತಿಂಗಳ ಮನೆಖರ್ಚೂ ಹುಡುಗರ ಕೂಲಿಯೂ ಬ್ಯಾಂಕಿನಲ್ಲಿ ಬೇರೆಯಾಗಿಯೇ ಇತ್ತು. ಇತರ ಗಿರಾಕಿಗಳ ನಾಲ್ಕು ಮನೆಗಳ ಕೆಲಸ ನಡೆದಿತ್ತು. ಅವಳು ಕೇಳಿದ್ದು ಒಂದೇ ಮಾತು: “ಆ ಮನ್ಯಾಗ ಬಂದು ಇರೋರು ಯಾರು?” ಅವರು ಯಾರೆಂಬುದು ನನಗೂ ಗೊತ್ತಿರಲಿಲ್ಲ. ಮರುದಿನ ಸಹಿ ಮಾಡುವುದಿಲ್ಲವೆಂದು ಕಾಗದದಲ್ಲಿ ಬರೆದು, ಕಾರಣವನ್ನೂ ಸ್ಪಷ್ಟವಾಗಿ ಕಾಣಿಸಿ ಕಳುಹಿಸಿದೆ. ಅದರ ಒಂದು ಪ್ರತಿಯನ್ನು ವಿದ್ಯುತ್ ಪರಿವೀಕ್ಷಣಾಲಯದ ಕಚೇರಿಗೂ ಕೊಟ್ಟುಬಂದೆ.

ಅವರಿಂದ ಮತ್ತೆ ಕೆಲಸ ಬರಲಿಲ್ಲ. ಮಾಡಿದ ಕೆಲಸದ ಹಣಕ್ಕಾಗಿ ದಾವೆ ಹೂಡಲು ಕಾಲಮಿತಿ ಕಾಯಿದೆಯಲ್ಲಿ ಮೂರು ವರ್ಷದ ಅವಧಿಯಿದೆ. ಸಹಿ ಮಾಡಿದ ಒಪ್ಪಂದ, ಹಂತಹಂತದ ಬಿಲ್ಲುಗಳು, ನಕ್ಷೆಗಳು ನನ್ನ ಬಳಿಯಿದ್ದುದರಿಂದ ವಕೀಲರ ನೋಟೀಸಿಗೆ ಬಲವಿತ್ತು. ಎರಡು ವರ್ಷಗಳಲ್ಲಿ 90,000 ರೂಪಾಯಿ ಬಂದಿತು. ಉಳಿದ 50,000 ಬರಲೇ ಇಲ್ಲ. ನನ್ನ ಪತ್ರದಿಂದಾಗಿ ಆ ಮನೆಗಳಿಗೆ ಅರ್ಥಿಂಗ್ ಆಯಿತೆಂದು ಹೇಳಿಕೊಳ್ಳಲು ನನ್ನಲ್ಲಿ ಯಾವ ಆಧಾರವೂ ಇಲ್ಲ. ನನ್ನ ಹೆಸರನ್ನು ನಂಬಿ ಅಲ್ಲಿ ಯಾರೂ ಗೀಸರನ್ನು ಮುಟ್ಟಲಿಲ್ಲವೆಂಬುದಷ್ಟೇ ನಾನು ಹೇಳಬಲ್ಲೆ.

ಈ ಪ್ರಸಂಗವನ್ನು ಹೇಳಿದ್ದು ಧೈರ್ಯವನ್ನು ಮೆರೆಸಲಿಕ್ಕಲ್ಲ. ನನ್ನಷ್ಟೇ ಒಳ್ಳೆಯ ಮನಸ್ಸಿನ ಗುತ್ತಿಗೆದಾರನೊಬ್ಬನ ಇಡೀ ದುಡಿಮೆ ಆ ಒಬ್ಬರನ್ನೇ ಅವಲಂಬಿಸಿದ್ದರೆ, ಅವನ ಬ್ಯಾಂಕಿನಲ್ಲಿ ಏನೂ ಇಲ್ಲದಿದ್ದರೆ, ಅವನು ಸಹಿ ಮಾಡುತ್ತಿದ್ದನೇನೋ. ಅವನನ್ನು ನಾನು ಸುಲಭವಾಗಿ ನಿಂದಿಸಲಾರೆ. ನೀತಿಯ ಪರೀಕ್ಷೆ ಬರುವುದು ಒಂದು ದಿನ. ಅದರ ಸಿದ್ಧತೆ ನಡೆಯಬೇಕಾದದ್ದು ಹಲವು ವರ್ಷ ಮೊದಲು, ಅಂದಾಜುಪಟ್ಟಿಯಲ್ಲಿ, ಉಳಿತಾಯದಲ್ಲಿ, ಸಣ್ಣ ಗಿರಾಕಿಯ ಸ್ವಿಚ್ಚು ದುರಸ್ತಿಯಲ್ಲಿ. ಆದುದರಿಂದ ತರುಣರಿಗೆ ನಾನು ಹೇಳುವ ನಿಯಮಗಳು ಇವು. ಯಾವ ಒಬ್ಬ ಗಿರಾಕಿಯಿಂದಲೂ ನಿಮ್ಮ ದುಡಿಮೆಯ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಬರದಂತೆ ನೋಡಿಕೊಳ್ಳಿ. ಮೂರು ತಿಂಗಳ ಖರ್ಚು ಕೂಡುವವರೆಗೆ ಹೊಸ ವಾಹನವನ್ನು ಕೊಳ್ಳಬೇಡಿ. ದೊಡ್ಡ ಕೆಲಸ ಸಿಕ್ಕಿತೆಂದು ಹಳೆಯ ಮನೆಗಳ ಸಣ್ಣ ಕರೆಗಳನ್ನು ಬಿಡಬೇಡಿ. ಸಂಸ್ಥೆಗಳಿಗೆ ಕೆಲಸ ಮಾಡಿದರೆ ಅವರು ಬಿಲ್ಲಿನಿಂದ ಆದಾಯ ತೆರಿಗೆಯೆಂದು ಒಂದಿಷ್ಟು ಮುರಿದುಕೊಳ್ಳುತ್ತಾರೆ. ವರ್ಷದ ಕೊನೆಗೆ ರಿಟರ್ನ್ ಸಲ್ಲಿಸಿ ನ್ಯಾಯವಾಗಿ ಬರಬೇಕಾದುದನ್ನು ಹಿಂದಕ್ಕೆ ಪಡೆಯಿರಿ. ಲೆಕ್ಕ ಬರೆಯುವುದು ಬೇಸರದ ಕೆಲಸ, ಆದರೆ ಲೆಕ್ಕವಿಲ್ಲದವನಿಗೆ ತಾನು ಎಷ್ಟು ದಿನ ತಡೆಯಬಲ್ಲೆನೆಂಬುದೇ ತಿಳಿಯದು.

ಇನ್ನೊಂದು ಮಾತನ್ನು ಹೇಳದಿದ್ದರೆ ಈ ಬರಹ ಅಪೂರ್ಣ. ಗುತ್ತಿಗೆದಾರನು ಸ್ವತಂತ್ರನಾದ ಮಾತ್ರಕ್ಕೆ ಅವನ ಕೈಕೆಳಗಿನವರು ಸ್ವತಂತ್ರರಾಗುವುದಿಲ್ಲ. ಅವರ ಪಾಲಿಗೆ ಈಗ ನಾವೇ ಯಜಮಾನರು. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಆದ ಕಾಯಿದೆಯಂತೆ ಸ್ಥಾಪನೆಯಾದ ಕಲ್ಯಾಣ ಮಂಡಳಿಯೊಂದು ರಾಜ್ಯದಲ್ಲಿದೆ. ವಾಯರಿಂಗ್ ಮಾಡುವವರೂ ಅದರಲ್ಲಿ ಹೆಸರು ನೋಂದಾಯಿಸಬಹುದು. ಇದಕ್ಕೆ ಹಿಂದಿನ ವರ್ಷದಲ್ಲಿ 90 ದಿನ ದುಡಿದುದಕ್ಕೆ ದಾಖಲೆ ಬೇಕು. ಆ ದಾಖಲೆಯನ್ನು ಕೊಡಬೇಕಾದವನು ಗುತ್ತಿಗೆದಾರ. ಎಷ್ಟೋ ಹುಡುಗರು ಆ ಒಂದು ಕಾಗದವಿಲ್ಲದೆ ಉಳಿದಿದ್ದಾರೆ. ನಡೆಯುತ್ತಿರುವ ಲೈನಿನ ಮೇಲೆಯೇ ಕೈಹಾಕೆಂದು ಗಿರಾಕಿ ಅವಸರಪಡಿಸಿದಾಗ, ಮೊದಲು ಮೇನ್ ಬಂದ್ ಮಾಡುತ್ತೇನೆಂದು ಹೇಳುವ ಅಧಿಕಾರ ಹತ್ತೊಂಬತ್ತು ವರ್ಷದ ಹುಡುಗನಿಗೂ ಇರಬೇಕು. ನಾನು ಒಲ್ಲೆನೆನ್ನುವ ಹಕ್ಕನ್ನು ಗಳಿಸಿದ ಮೇಲೆ ಅದನ್ನು ನನ್ನೊಬ್ಬನಲ್ಲಿಯೇ ಇಟ್ಟುಕೊಂಡರೆ ಅದು ಬರೀ ಅಹಂಕಾರವಾದೀತು.

ನನ್ನ ಬಳಿ ಕಲಿತ ಹುಡುಗರಲ್ಲಿ ಇಬ್ಬರು ಈಗ ಸ್ವಂತ ಲೈಸೆನ್ಸ್ ಪಡೆದಿದ್ದಾರೆ. ಅವರಲ್ಲೊಬ್ಬನು ಕಳೆದ ವರ್ಷ ಒಂದು ದೊಡ್ಡ ಕೆಲಸವನ್ನು ಬಿಟ್ಟುಕೊಟ್ಟನೆಂದು ತಿಳಿಯಿತು. ಕಾರಣವೇನೆಂದು ನಾನು ಕೇಳಲಿಲ್ಲ. ಸದ್ಯಕ್ಕೆ ಕೈಯಲ್ಲಿ ಬೇರೆ ಕೆಲಸವಿದೆಯೇ ಎಂದು ಮಾತ್ರ ಕೇಳಿದೆ. ಮೂರು ಮನೆಗಳಿವೆ ಎಂದ. ಹಾಗಾದರೆ ಚಿಂತೆಯಿಲ್ಲ ಎಂದೆ.